ಹದಿನಾಲ್ಕನೇ ಜಾಗದ ಅಪ್ಸರೆಗಳು

ಉಮ್ಮೆ ಕುಲ್ಸುಮ್ ಬಿಳಿ ಟ್ರೇಯ ಮೇಲೆ ಬಾಗಿ ಇಪ್ಪತ್ತು ನಿಮಿಷ ಕಳೆದಿತ್ತು. ಜನವರಿಯ ಒಂದು ಶನಿವಾರ, ಬೆಳಗಿನ ಹತ್ತೂವರೆ. ಫ್ಯಾರನ್‌ಹೀಟ್ ಹದಿನೇಳರ, ನೀರು ಹೆಪ್ಪುಗಟ್ಟುವ ಚಳಿ. ಟ್ರೇಯಲ್ಲಿ ಹಳ್ಳದ ತಳದಿಂದ ಬಲೆ ಹಾಕಿ ಎತ್ತಿದ ಕೊಳೆತ ಎಲೆಗಳು, ಒಂದಿಷ್ಟು ಮರಳು. ಚಿಮುಟದಿಂದ ಒಂದೊಂದು ಎಲೆಯನ್ನೂ ಬಿಡಿಸಿ, ಮಗುಚಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಪಟ್ಟಿ ಮತ್ತು ಪೆನ್ಸಿಲ್ ಹಿಡಿದು ನಿಂತಿದ್ದೆ. ಬರೆಯಲು ಏನೂ ಇರಲಿಲ್ಲ.

"ಅಕ್ಕಾ, ಒಂದೂ ಇಲ್ಲ," ಅಂದಳು. "ಹೋದ ವರ್ಷ ಇದ ಜಾಗದ ಎಲಿ ಒಳಗ ಇಪ್ಪತ್ತಮೂರು ಇದ್ವು."

ನಾವು ಹುಡುಕುತ್ತಿದ್ದುದು ಸ್ಟೋನ್‌ಫ್ಲೈ ಎಂಬ ನೊಣದ ಮರಿಗಳನ್ನು. ಅರ್ಧ ಇಂಚು ಉದ್ದ, ಕಪ್ಪು ಬಣ್ಣ, ಹಿಂದೆ ಎರಡು ಬಾಲ. ರೆಕ್ಕೆ ಬರುವ ತನಕ ಅವು ನೀರಿನಲ್ಲೇ ಇರುತ್ತವೆ. ಎಲ್ಲ ಹುಳುಗಳೂ ಸುಮ್ಮನಾಗುವ ಚಳಿಗಾಲದಲ್ಲೇ ಇವು ಚುರುಕು. ಆದರೆ ನೀರು ತಣ್ಣಗಿದ್ದರೆ ಸಾಲದು, ಶುದ್ಧವಾಗಿಯೂ ಇರಬೇಕು. ನೀರು ಸ್ವಲ್ಪ ಕೆಟ್ಟರೂ ಮೊದಲು ಸಾಯುವುದು ಇವೇ. ಅದಕ್ಕೇ ಡೆಟ್ರಾಯಿಟ್ ಸುತ್ತಮುತ್ತಲ ಹಳ್ಳಗಳಲ್ಲಿ ನಮ್ಮಂಥ ಸ್ವಯಂಸೇವಕರು ವರ್ಷಕ್ಕೊಮ್ಮೆ ಇವುಗಳ ಲೆಕ್ಕ ಹಿಡಿಯುತ್ತಾರೆ. ನಮಗಿಬ್ಬರಿಗೂ ಕೊಟ್ಟಿದ್ದು ಪಟ್ಟಿಯ ಹದಿನಾಲ್ಕನೇ ಜಾಗ. ಲಿವೋನಿಯಾದ ಕಾರ್ಖಾನೆಗಳ ಸಾಲಿಗೂ ಒಂದು ಬಡಾವಣೆಯ ಮನೆಗಳ ಹಿತ್ತಲುಗಳಿಗೂ ನಡುವೆ ಹರಿಯುವ, ನಕ್ಷೆಯಲ್ಲಿ ಹೆಸರೇ ಇಲ್ಲದ ಒಂದು ಹಳ್ಳ.

ಕುಲ್ಸುಮ್ ಎದ್ದು, ಸೊಂಟದವರೆಗಿನ ರಬ್ಬರ್ ಪ್ಯಾಂಟಿನಲ್ಲೇ ಹಳ್ಳದ ಮೇಲ್ಭಾಗಕ್ಕೆ ನಡೆದಳು. ಅಲ್ಲಿ ದಂಡೆಯಿಂದ ಒಂದು ಸಿಮೆಂಟ್ ಕೊಳವೆ ಹೊರಚಾಚಿದೆ. ರಸ್ತೆಗಳ, ಪಾರ್ಕಿಂಗ್ ಜಾಗಗಳ ಮಳೆನೀರು ಬಂದು ಬೀಳುವ ಕೊಳವೆ. ಅದನ್ನು ದಾಟಿ ಹತ್ತು ಹೆಜ್ಜೆ ಮೇಲೆ ಬಲೆ ಹಾಕಿದಳು. ಮೊದಲ ಟ್ರೇಯಲ್ಲೇ ಹನ್ನೊಂದು ಸಿಕ್ಕವು. ಕೊಳವೆಯ ಮೇಲೆ ಹನ್ನೊಂದು, ಕೆಳಗೆ ಸೊನ್ನೆ.

ಅವಳು ನನ್ನ ಮುಖ ನೋಡಲಿಲ್ಲ. ಕಾರ್ಖಾನೆಗಳ ಸಾಲಿನತ್ತ ನೋಡಿದಳು. ಆ ಸಾಲಿನ ನಾಲ್ಕನೆಯ ಕಟ್ಟಡದಲ್ಲಿ ಅವಳೂ ಅವಳ ಗಂಡನೂ ಕೆಲಸ ಮಾಡುತ್ತಿದ್ದರು.

ನನಗೆ ಕುಲ್ಸುಮ್ ಪರಿಚಯವಾಗಿದ್ದು ಅದಕ್ಕೆ ಮೂರು ವರ್ಷ ಹಿಂದೆ, ಸ್ವಯಂಸೇವಕರ ತರಬೇತಿಯಲ್ಲಿ. ನಾನು ಮೈಸೂರಿನವಳು; ವೆಸ್ಟ್ ಬ್ಲೂಮ್‌ಫೀಲ್ಡಿಗೆ ಬಂದು ಮೂವತ್ತು ವರ್ಷ, ಗ್ರಂಥಾಲಯದ ಕೆಲಸದಿಂದ ನಿವೃತ್ತಳಾಗಿ ಮಾಡಲು ಕೆಲಸವಿಲ್ಲದೆ ಅಲ್ಲಿಗೆ ಹೋಗಿದ್ದೆ. ತಣ್ಣೀರಿನಲ್ಲಿ ಕೈಯಿಟ್ಟು ನಿಂತಿದ್ದಾಗ ಹಿಂದಿನಿಂದ ಯಾರೋ ಮೆಲ್ಲಗೆ, "ಯಾ ಅಲ್ಲಾ, ಕೈ ಮರಗಟ್ಟಿ ಹೋದ್ವು," ಅಂದದ್ದು ಕೇಳಿಸಿತು. ತಿರುಗಿದರೆ ಹೂವಿನ ಸ್ಕಾರ್ಫ್ ಕಟ್ಟಿದ, ನಲವತ್ತೈದು ದಾಟಿದ ಒಬ್ಬ ಹೆಂಗಸು.

ಅವಳು ರಾಯಚೂರಿನವಳು. ಅಲ್ಲಿಯ ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಓದಿ, ಆರು ವರ್ಷ ಹಳ್ಳಿ ಹಳ್ಳಿ ತಿರುಗಿ ಹತ್ತಿ ಬೆಳೆಗಾರರಿಗೆ ಹುಳುಗಳ ಬಗ್ಗೆ ಹೇಳಿಕೊಟ್ಟವಳು. ತರಬೇತಿಯ ದಿನ ಅಲ್ಲಿಯವರು ಈ ಮರಿಹುಳುಗಳನ್ನು ನಿಂಫ್ ಎಂದು ಕರೆದಾಗ ನನಗೆ ನಗು ಬಂದಿತ್ತು. ಗ್ರೀಕರ ಕಥೆಗಳಲ್ಲಿ ನಿಂಫ್ ಎಂದರೆ ನೀರಿನ ಊಟೆಗಳನ್ನು, ನದಿಗಳನ್ನು ಕಾಯುವ ಚೆಲುವೆಯರು. ಅವರ ಭಾಷೆಯಲ್ಲಿ ಮದುವಣಗಿತ್ತಿಗೂ ಅದೇ ಮಾತು. ಒಂದೊಂದು ಊಟೆಗೂ ಒಬ್ಬಳಿರುತ್ತಿದ್ದಳಂತೆ, ಊಟೆ ಬತ್ತಿದರೆ ಅವಳೂ ಇಲ್ಲವಾಗುತ್ತಿದ್ದಳಂತೆ. ಇದನ್ನೆಲ್ಲ ನಾನು ಹೇಳಿದೆ. ಕುಲ್ಸುಮ್ ಅಚ್ಚರಿಪಡಲಿಲ್ಲ. ಕನ್ನಡದ ಕೃಷಿ ಪುಸ್ತಕಗಳಲ್ಲೂ ಇವಕ್ಕೆ ಅಪ್ಸರೆ ಎಂದೇ ಹೆಸರು, ಯಾರೋ ಪುಣ್ಯಾತ್ಮರು ಇಂಗ್ಲಿಷ್ ಮಾತನ್ನು ಹಾಗೇ ಕನ್ನಡ ಮಾಡಿಬಿಟ್ಟಿದ್ದಾರೆ ಅಂದಳು. ಹತ್ತಿ ಹೊಲದಲ್ಲಿ ನಿಂತು, ಎಲೆಯ ಕೆಳಗೆ ಅಪ್ಸರೆಗಳಿದ್ದಾವೆ, ರಸ ಹೀರುತ್ತವೆ, ಎಣಿಸಿ ನೋಡಿ ಎಂದು ಅವಳು ಹೇಳಿದರೆ ರೈತರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರಂತೆ.

ಅಮೆರಿಕಕ್ಕೆ ಬಂದ ಮೇಲೆ ಅವಳ ಪದವಿಯನ್ನು ಯಾರೂ ಕೇಳಲಿಲ್ಲ. ಗಂಡ ದಸ್ತಗೀರ್ ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನು. ಅವನ ಅಣ್ಣನ ಮೂಲಕ ಗ್ರೀನ್ ಕಾರ್ಡ್ ಬಂದಿತ್ತು. ನಾಲ್ಕು ವರ್ಷ ಇಬ್ಬರೂ ಸಿಕ್ಕ ಕೆಲಸ ಮಾಡಿದರು. ಆಗ ಅವರನ್ನು ಕರೆದು ಕೆಲಸ ಕೊಟ್ಟವರು ಗುರುಶಾಂತಪ್ಪ. ಗದಗದ ಕಡೆಯವರು, ಅರವತ್ತೇಳು ವರ್ಷ, ಕಾರಿನ ಬಿಡಿಭಾಗಗಳಿಗೆ ನಿಕ್ಕಲ್ ಮತ್ತು ಕ್ರೋಮ್ ಲೇಪ ಹಾಕುವ ಸಣ್ಣ ಕಾರ್ಖಾನೆಯ ಮಾಲೀಕರು. ಮೂವತ್ತನಾಲ್ಕು ಜನ ಕೆಲಸಗಾರರು. ದಸ್ತಗೀರ್‌ನನ್ನು ಲೇಪದ ತೊಟ್ಟಿಗಳ ಕೆಲಸಕ್ಕೆ ಹಾಕಿದರು. ಕುಲ್ಸುಮ್‌ಳ ಸರ್ಟಿಫಿಕೇಟ್ ಪೂರ್ತಿ ಓದಿ, ಕಾರ್ಖಾನೆಯ ಕೊಳಕು ನೀರನ್ನು ಪರೀಕ್ಷಿಸುವ ಪುಟ್ಟ ಲ್ಯಾಬನ್ನು ಅವಳಿಗೊಪ್ಪಿಸಿದರು. ಅವಳು ಅವರನ್ನು ಅಣ್ಣಾರ ಎನ್ನುತ್ತಿದ್ದಳು, ಅವರು ಅವಳನ್ನು ತಂಗಿ ಎನ್ನುತ್ತಿದ್ದರು. ಅವಳ ಮಗಳು ಆಯತ್ ಕಾಲೇಜಿಗೆ ಅಪ್ಲೈ ಮಾಡುವಾಗ ಶಿಫಾರಸು ಪತ್ರ ಬರೆದುಕೊಟ್ಟವರೂ ಅವರೇ.

ಕಾರ್ಖಾನೆಯ ನೀರು ತೊಟ್ಟಿಗಳಲ್ಲಿ ಶುದ್ಧವಾಗಿ, ಕುಲ್ಸುಮ್‌ಳ ಪರೀಕ್ಷೆ ದಾಟಿ, ಊರಿನ ಒಳಚರಂಡಿಗೆ ಹೋಗುತ್ತಿತ್ತು, ಹಳ್ಳಕ್ಕಲ್ಲ. ಪ್ರತಿ ತಿಂಗಳ ವರದಿಗೂ ಅವಳದೇ ಸಹಿ. ಆರು ವರ್ಷದಲ್ಲಿ ಒಂದೇ ಒಂದು ಅಂಕಿ ಮಿತಿ ದಾಟಿರಲಿಲ್ಲ. ಹಾಗಾಗಿ ಹಳ್ಳದಲ್ಲಿ ಸೊನ್ನೆ ಸಿಕ್ಕ ದಿನ ಅವಳ ಮನಸ್ಸು ಸಾಲಿನ ಬೇರೆ ಕಟ್ಟಡಗಳ ಕಡೆಗೇ ಹೋಯಿತು. ನಮ್ಮ ತಂಡದ ಮುಖ್ಯಸ್ಥೆ ಸಂಬಂಧಪಟ್ಟವರಿಗೆ ಬರೆದರು. ಒಬ್ಬರು ಬಂದು ಕೊಳವೆಯ ಬಾಯಲ್ಲಿ ನೀರು ಹಿಡಿದರು. ಆ ದಿನ ನೀರು ಶುದ್ಧವಾಗಿತ್ತು. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಇರಬಹುದು ಎಂಬ ಮಾತು ಬಂತು. ಕುಲ್ಸುಮ್‌ಗೂ ಹಾಗೇ ನಂಬುವ ಆಸೆಯಿತ್ತು. ಆದರೆ ಉಪ್ಪು ಹಿಂದಿನ ವರ್ಷವೂ ಇತ್ತಲ್ಲ ಎಂದು ಫೋನಿನಲ್ಲಿ ನನ್ನನ್ನೇ ಎರಡು ಸಲ ಕೇಳಿದಳು.

ಅದಾದ ಮುಂದಿನ ಬುಧವಾರ ಗಂಡಹೆಂಡತಿ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ದಸ್ತಗೀರ್‌ನ ಷೂ ಒದ್ದೆಯಾಗಿತ್ತು. ಯಾಕೆಂದು ಕೇಳಿದಳು. ಹಿಂದಿನ ಹಳೇ ಕೋಣೆಯಲ್ಲಿ ಜುಲೈನಿಂದ ಮತ್ತೆ ಶುರುಮಾಡಿದ್ದ ಲೇಪದ ತೊಟ್ಟಿಗಳ ಸಾಲಿನಲ್ಲಿ, ಭಾಗಗಳನ್ನು ತೊಳೆಯುವ ತೊಟ್ಟಿ ಆಗಾಗ ತುಂಬಿ ಹರಿಯುತ್ತದೆ ಎಂದ ಅವನು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದಳು.

"ನಾನ ವೈಪರ್ ಹಾಕಿ ಮೂಲಿಗೆ ತಳ್ಳತೀನಿ," ಅಂದ ದಸ್ತಗೀರ್ ರೊಟ್ಟಿ ಮುರಿಯುತ್ತ. "ಅಲ್ಲೊಂದು ಹಳೇ ಜಾಲರಿ ಐತಿ. ಗಟಗಟ ಕುಡಿತೈತಿ."

ಕುಲ್ಸುಮ್ ಆ ಕಟ್ಟಡದ ಒಳಚರಂಡಿಯ ನಕ್ಷೆಯನ್ನು ಬಾಯಿಪಾಠ ಬಲ್ಲವಳು. ಅದರಲ್ಲಿ ಹಳೇ ಕೋಣೆಯ ಮೂಲೆಯಲ್ಲಿ ಯಾವ ಜಾಲರಿಯೂ ಇರಲಿಲ್ಲ. ಊಟ ಅಲ್ಲಿಗೇ ಬಿಟ್ಟು ಹೋಗಿ ನೋಡಿದಳು. ಎರಡು ಡ್ರಮ್ಮುಗಳ ಸಂದಿಯಲ್ಲಿ, ತುಕ್ಕು ಹಿಡಿದ, ಅಂಗೈ ಅಗಲದ ಕಬ್ಬಿಣದ ಜಾಲರಿ. ಅದರ ಅಂಚಿನಲ್ಲಿ ನಿಕ್ಕಲ್ಲಿನ ಹಸಿರು ಪೊರೆ ಕಟ್ಟಿತ್ತು.

ಆ ಸಂಜೆ ಮನೆಯಲ್ಲಿ ಕುಲ್ಸುಮ್ ಸಂಗತಿ ಹೇಳಿದಾಗ ದಸ್ತಗೀರ್ ಹೆದರಿಬಿಟ್ಟನಂತೆ. ಅವನಿಗೆ ಹೆದರಿಕೆ ಕೆಲಸದ್ದಲ್ಲ. ಆರು ತಿಂಗಳು ವಾರಕ್ಕೆ ಮೂರು ದಿನ ತನ್ನ ಕೈಯಾರೆ ತಳ್ಳಿದ್ದೇನೆ, ಯಾರಾದರೂ ಕೇಳಿದರೆ ಏನು ಹೇಳಲಿ ಎಂಬುದಾಗಿತ್ತು. ಜಾಲರಿ ಒಳಚರಂಡಿಗೇ ಸೇರಿರಬಹುದು, ಖಾತ್ರಿಯಾಗದೆ ಬಾಯಿ ಬಿಡಬಾರದು ಅಂದಳು ಕುಲ್ಸುಮ್. ಖಾತ್ರಿ ಮಾಡಿಕೊಳ್ಳುವ ದಾರಿ ಅವಳಿಗೆ ಗೊತ್ತಿತ್ತು. ಷಿಕಾಗೋದವರು ಮಾರ್ಚಿನಲ್ಲಿ ಹಬ್ಬಕ್ಕೆಂದು ನದಿಯನ್ನೇ ಹಸಿರು ಮಾಡುತ್ತಾರಲ್ಲ, ಅಂಥದೇ ಅಪಾಯವಿಲ್ಲದ ಬಣ್ಣ. ಸೋರುವ ಕೊಳವೆಗಳ ಜಾಡು ಹಿಡಿಯಲು ಲ್ಯಾಬಿನಲ್ಲೇ ಒಂದು ಬಾಟಲಿ ಇತ್ತು. ಗುರುಶಾಂತಪ್ಪನವರನ್ನು ಮೊದಲು ಕೇಳಬೇಡವೇ ಎಂದೆ ನಾನು ಫೋನಿನಲ್ಲಿ. ಕೇಳಿದರೆ ಬೇಡ ಅನ್ನಬಹುದು, ಬೇಡ ಅಂದ ಮೇಲೆ ಮಾಡಿದರೆ ಅದು ಮೋಸ ಅಂದಳು.

ಶನಿವಾರ ಕಾರ್ಖಾನೆ ಒಂದು ಗಂಟೆಯವರೆಗೆ ಮಾತ್ರ. ಹನ್ನೊಂದಕ್ಕೆ ನಾನೂ ಆಯತ್‌ಳೂ ಹಳ್ಳದ ದಂಡೆಯಲ್ಲಿ, ಕೊಳವೆಯ ಬಾಯಿಗೆ ಎದುರಾಗಿ ನಿಂತಿದ್ದೆವು. ಆಯತ್‌ಗೆ ಹತ್ತೊಂಬತ್ತು ವರ್ಷ. ತಾಯಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಫೋನನ್ನು ಸ್ಪೀಕರಿನಲ್ಲಿಟ್ಟು ಕೈಗವಸಿನ ಮೇಲೆ ಹಿಡಿದುಕೊಂಡಿದ್ದಳು. ಆ ತುದಿಯಲ್ಲಿ ಕುಲ್ಸುಮ್.

ಹನ್ನೊಂದೂಕಾಲಿಗೆ ದಸ್ತಗೀರ್ ಜಾಲರಿಯೊಳಗೆ ಬಣ್ಣ ಸುರಿದ, ಮೇಲೆ ಎರಡು ಬಕೆಟ್ ನೀರು ಹಾಕಿದ ಎಂದು ಕುಲ್ಸುಮ್ ತಿಳಿಸಿದಳು. ಅಲ್ಲಿಂದ ಹಳ್ಳಕ್ಕೆ ಒಂದು ಮೈಲಿಯ ಮೂರನೇ ಒಂದು ಭಾಗ. ಕೊಳವೆಯಿಂದ ಬೆರಳು ದಪ್ಪದ ನೀರು ಬೀಳುತ್ತಿತ್ತು. ಬೀಳುವ ಜಾಗದ ಸುತ್ತ ಮಂಜುಗಡ್ಡೆ ಕಟ್ಟಿತ್ತು. ಐದು ನಿಮಿಷ ಕಳೆಯಿತು. ಹತ್ತು. ನೀರು ನೀರಿನ ಬಣ್ಣದಲ್ಲೇ ಇತ್ತು. ಫೋನಿನಲ್ಲಿ ಯಂತ್ರಗಳ ಸದ್ದು, ನಡುವೆ ಕುಲ್ಸುಮ್‌ಳ ಉಸಿರು. ಹದಿನೈದನೇ ನಿಮಿಷಕ್ಕೆ, ಏನೂ ಬಂದಿಲ್ಲ ತಾನೇ ಎಂದು ಕೇಳಿದಳು. ಇಲ್ಲ ಅಂದೆ. ನನ್ನ ದನಿಯಲ್ಲಿ ಖುಷಿ ಇದ್ದದ್ದು ನನಗೇ ಕೇಳಿಸಿತು. ಇಪ್ಪತ್ತಕ್ಕೆ ನಾನು ಕಾಲು ಬಡಿದು ಬೆಚ್ಚಗೆ ಮಾಡಿಕೊಳ್ಳುತ್ತ, ಇನ್ನು ಹೊರಡಬಹುದೇನೋ ಅಂದುಕೊಂಡೆ. ಆಯತ್ ಕದಲಲಿಲ್ಲ. ಕೊಳವೆಯ ಬಾಯಿಂದ ಕಣ್ಣು ತೆಗೆದಿರಲಿಲ್ಲ.

ಇಪ್ಪತ್ತಮೂರನೇ ನಿಮಿಷಕ್ಕೆ ಗಡ್ಡೆಯ ಅಂಚಿನಲ್ಲಿ ಒಂದು ಹೊಳೆಯುವ ಎಳೆ ಕಂಡಿತು. ಬಿಸಿಲು ಬಿದ್ದಿರಬೇಕು ಎಂದು ನಾನು ತಲೆಯೆತ್ತಿದೆ, ಆಕಾಶದಲ್ಲಿ ಬಿಸಿಲಿರಲಿಲ್ಲ. ತಗ್ಗಿ ನೋಡುವಷ್ಟರಲ್ಲಿ ಬೀಳುವ ನೀರೆಲ್ಲ ಕಣ್ಣು ಕುಕ್ಕುವ ಹಸಿರಾಗಿ ಹಿಮದ ನಡುವೆ ಹರಿಯುತ್ತಿತ್ತು.

"ಅಮ್ಮಿ," ಅಂದಳು ಆಯತ್. "ಇಟ್ಸ್ ಗ್ರೀನ್."

ಆ ಕಡೆಯಿಂದ ಫೋನ್ ಕಟ್ಟಾಯಿತು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಕುಲ್ಸುಮ್ ಮತ್ತು ದಸ್ತಗೀರ್ ಬೇರೆ ಬೇರೆಯಾಗಿ ಹೇಳಿದ್ದು. ಇಬ್ಬರ ಮಾತಿನಲ್ಲೂ ವ್ಯತ್ಯಾಸವಿರಲಿಲ್ಲ.

ಕೆಲಸಗಾರರು ಹೋಗುವ ತನಕ ಅವರು ಕಾದರು. ಒಂದೂ ಹತ್ತಕ್ಕೆ ಗುರುಶಾಂತಪ್ಪನವರ ಕೋಣೆಗೆ ಹೋಗಿ, ಜಾಲರಿಯ ಫೋಟೋ, ಆಯತ್ ಕಳಿಸಿದ ಹಸಿರು ನೀರಿನ ವಿಡಿಯೋ ಎರಡನ್ನೂ ಕುಲ್ಸುಮ್ ಮೇಜಿನ ಮೇಲಿಟ್ಟಳು. ಅವರು ವಿಡಿಯೋವನ್ನು ಮೂರು ಸಲ ನೋಡಿದರು. ಹಳೇ ಕೋಣೆಯಲ್ಲಿ ಮತ್ತೆ ಕೆಲಸ ಶುರುಮಾಡುವ ಮುಂಚೆ ನೆಲದಡಿಯ ಕೊಳವೆಗಳನ್ನು ಪರೀಕ್ಷೆ ಮಾಡಿಸಬೇಕಾಗಿತ್ತು, ಮಾಡಿಸಿದ್ದಿರೋ ಎಂದು ಅವಳು ಕೇಳಿದಳು. ಆ ಜಾಲರಿ ಇರುವುದು ತಮಗೆ ಗೊತ್ತಿತ್ತೋ ಎಂದೂ ಕೇಳಿದಳು.

"ಗೊತ್ತಿರಲಿಲ್ಲ ಅಂದ್ರ ಸುಳ್ಳಾಗತೈತಿ," ಅಂದರು ಗುರುಶಾಂತಪ್ಪ. "ಎಲ್ಲಿಗೆ ಹೋಗತೈತಿ ಅಂತ ನೋಡಾಕ ಹೋಗಲಿಲ್ಲ."

ಸೋಮವಾರವೇ ಅದನ್ನು ಕಾಂಕ್ರೀಟ್ ಹಾಕಿ ಮುಚ್ಚಿಸುತ್ತೇನೆ, ಹಳೇ ಕೋಣೆಗೆ ಬೀಗ ಹಾಕಿಸುತ್ತೇನೆ, ಮುಗಿಯಿತಲ್ಲ ಎಂದರು. ಮೂವತ್ತನಾಲ್ಕು ಮನೆಗಳ ಹೆಸರು ಹೇಳಲು ಶುರುಮಾಡಿದರು. ಯಾರ ಹೆಂಡತಿ ಬಸುರಿ, ಯಾರ ತಂದೆಗೆ ಕ್ಯಾನ್ಸರ್ ಎಲ್ಲವೂ ಅವರಿಗೆ ಗೊತ್ತು. ದಸ್ತಗೀರ್‌ನ ಹೆಸರು ಬಂದಾಗ ನಿಲ್ಲಿಸಿದರು.

"ಆರು ತಿಂಗಳು ಹೋಗಿದ್ದು ಹಳ್ಳದಾಗ ಐತಿ ಅಣ್ಣಾರ," ಅಂದಳು ಕುಲ್ಸುಮ್. "ಅದರ ಮ್ಯಾಲೆ ಕಾಂಕ್ರೀಟ್ ಹಾಕಾಕ ಬರಂಗಿಲ್ಲ. ಕೆಳಗಿನ ಪಾರ್ಕಿನ್ಯಾಗ ಬ್ಯಾಸಗಿಗೆ ಹುಡುಗರು ನೀರಿಗಿಳಿತಾವು."

ಸರ್ಕಾರಕ್ಕೆ ಮಾಲಿನ್ಯ ತಿಳಿಸುವ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವರ ಮುಂದಿಟ್ಟಳು. "ಮೂರು ಗಂಟಿತನಕ ಕಾಯ್ತೀನಿ. ನೀವ ಫೋನ್ ಮಾಡಿದ್ರ ಅದು ನೀವ ಹೇಳಿದಂಗ ಆಗತೈತಿ. ನಾ ಮಾಡಿದ್ರ ದೂರು ಆಗತೈತಿ."

ಅವರು ಚೀಟಿಯನ್ನು ಮುಟ್ಟಲಿಲ್ಲ. ಮನೆಗೆ ಹೋಗಿರಿ ಅಂದರು.

ಗಂಡಹೆಂಡತಿ ಮನೆಗೆ ಹೋಗಲಿಲ್ಲ. ಪಾರ್ಕಿಂಗಿನಲ್ಲಿ ಇಂಜಿನ್ ಚಾಲೂ ಇಟ್ಟು ಕಾರಿನೊಳಗೆ ಕೂತರು. ಕಟ್ಟಡದ ಹೊರಗೆ ಅವರದೊಂದು ಕಾರು, ಗುರುಶಾಂತಪ್ಪನವರದೊಂದು. ಎರಡು ಗಂಟೆಗೆ ಕುಲ್ಸುಮ್ ನನಗೆ ಫೋನ್ ಮಾಡಿ, ತಾನು ತಪ್ಪು ಮಾಡುತ್ತಿದ್ದೇನೆಯೇ ಎಂದು ಕೇಳಿದಳು. ಆ ಮನುಷ್ಯನ ಬಿಪಿ ಮಾತ್ರೆ ಯಾವ ಡ್ರಾಯರಿನಲ್ಲಿದೆ ಎಂದೂ ತನಗೆ ಗೊತ್ತು, ಒಳಗೆ ಒಬ್ಬರೇ ಇದ್ದಾರೆ, ಹೋಗಿ ನೋಡಬೇಕೆನ್ನಿಸುತ್ತದೆ, ಹೋದರೆ ಮನಸ್ಸು ಕರಗುತ್ತದೆ ಅಂದಳು. ದಸ್ತಗೀರ್ ಎರಡು ಸಲ ಬಾಗಿಲಿಗೆ ಕೈ ಹಾಕಿ, ಎರಡು ಸಲ ಕೈ ತೆಗೆದನಂತೆ. ಎರಡೂವರೆಗೆ ಹಿಮ ಬೀಳಲು ಶುರುವಾಯಿತು. ವೈಪರ್ ಹಾಕಿದರು, ಕಟ್ಟಡದ ಬಾಗಿಲು ಕಾಣಲೆಂದು.

ಮೂರಕ್ಕೆ ಎಂಟು ನಿಮಿಷವಿರುವಾಗ ಬಾಗಿಲು ತೆರೆಯಿತು. ಗುರುಶಾಂತಪ್ಪನವರ ಮೈಮೇಲೆ ಜಾಕೆಟ್ ಇರಲಿಲ್ಲ. ತಮ್ಮ ಕಾರಿನತ್ತ ಹೋಗುತ್ತಾರೆಂದುಕೊಂಡರು. ಅವರು ನೇರವಾಗಿ ಇವರ ಕಾರಿಗೆ ಬಂದು, ಹಿಂದಿನ ಬಾಗಿಲು ತೆರೆದು ಒಳಗೆ ಕೂತರು. ಕೈಯಲ್ಲಿ ಚೀಟಿ ಇತ್ತು. ಕನ್ನಡಕ ಒಳಗೇ ಬಿಟ್ಟುಬಂದಿದ್ದೇನೆ, ನಂಬರ್ ಓದು ಅಂದರು. ಕುಲ್ಸುಮ್ ಒಂದೊಂದೇ ಅಂಕಿ ಓದಿದಳು, ಅವರು ಒತ್ತಿದರು. ತಮ್ಮ ಹೆಸರು ಹೇಳಿದರು, ಏನಾಗಿದೆಯೆಂದು ಹೇಳಿದರು, ಯಾವಾಗಿನಿಂದ ಎಂದರೆ ಜುಲೈನಿಂದ ಅಂದರು. ವಿಳಾಸ ಕೇಳಿದಾಗ, ಇಪ್ಪತ್ತೆರಡು ವರ್ಷದಿಂದ ಬಂದುಹೋಗುತ್ತಿದ್ದ ಕಟ್ಟಡದ ನಂಬರು ಬಾಯಿಗೆ ಬರಲಿಲ್ಲ. ಮುಂದಿನ ಸೀಟಿನಿಂದ ಕುಲ್ಸುಮ್ ಹೇಳಿದಳು.

ಫೋನ್ ಇಟ್ಟ ಮೇಲೆ ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ನೀ ಮಾಡಿದ್ದು ಸರಿ ಐತಿ," ಅಂದರು. "ಆದ್ರ ಇನ್ನ ನಿನ್ನ ಮುಖ ನೋಡಾಕ ಆಗೂದಿಲ್ಲ ನಂಗ."

ಸಂಜೆ ಐದರ ಹೊತ್ತಿಗೆ ಕೊಳವೆಯ ಬಾಯಿ ಮುಚ್ಚಲು ಜನ ಬಂದರು. ಕಾರ್ಖಾನೆ ಏಳು ವಾರ ನಿಂತಿತು. ಹಳ್ಳದ ತಳದ ಮಣ್ಣನ್ನು ನೂರೈವತ್ತು ಅಡಿ ಉದ್ದಕ್ಕೆ ಅಗೆದು ಸಾಗಿಸಿದರು. ತಾವೇ ತಿಳಿಸಿದ್ದರಿಂದ ಗುರುಶಾಂತಪ್ಪನವರಿಗೆ ದಂಡದ ಹೊರತು ಬೇರೆ ಶಿಕ್ಷೆಯಾಗಲಿಲ್ಲ. ದಸ್ತಗೀರ್‌ನನ್ನು ಒಂದು ಸಲ ವಿಚಾರಿಸಿ, ಅವನು ಹೇಳಿದ್ದನ್ನು ಬರೆದುಕೊಂಡು ಬಿಟ್ಟರು. ಆದರೆ ಕೆಲಸವಿಲ್ಲದೆ ಏಳು ವಾರ ಕೂತ ಜೊತೆಗಾರರು ಅವನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಒಬ್ಬಾತ ಅವನ ಲಾಕರಿನ ಮೇಲೆ ಸತ್ತ ನೊಣವೊಂದನ್ನು ಟೇಪಿನಿಂದ ಅಂಟಿಸಿದ್ದ. ಕಾರ್ಖಾನೆ ಮತ್ತೆ ಶುರುವಾದ ಮೇಲೆ ಕುಲ್ಸುಮ್ ಲ್ಯಾಬಿನಲ್ಲಿ ಇನ್ನೂ ಎರಡು ತಿಂಗಳು ಕೆಲಸ ಮಾಡಿದಳು. ಅಷ್ಟೂ ದಿನ ಗುರುಶಾಂತಪ್ಪ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಮೇ ತಿಂಗಳಲ್ಲಿ ಗಂಡಹೆಂಡತಿ ಇಬ್ಬರೂ ರಾಜೀನಾಮೆ ಕೊಟ್ಟರು. ಆ ವರ್ಷದ ಕೊನೆಗೆ ಗುರುಶಾಂತಪ್ಪನವರೂ ಕಾರ್ಖಾನೆ ಮಾರಿದರು.

ಕುಲ್ಸುಮ್‌ಗೆ ಷಿಕಾಗೋ ಹತ್ತಿರ ನೀರು ಪರೀಕ್ಷಿಸುವ ಒಂದು ದೊಡ್ಡ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಲೊಂಬಾರ್ಡ್ ಎಂಬ ಊರಿನ ಅಪಾರ್ಟ್‌ಮೆಂಟಿಗೆ ಹೋದರು. ದಸ್ತಗೀರ್ ಅಲ್ಲಿ ಬಸ್ಸುಗಳ ಗ್ಯಾರೇಜಿಗೆ ಸೇರಿದ. ಮರುವರ್ಷ ಮೇ ಕೊನೆಯಲ್ಲಿ ಅವರ ಮನೆಯ ಸುತ್ತ, ಹದಿನೇಳು ವರ್ಷ ನೆಲದಡಿ ಬೇರಿನ ರಸ ಕುಡಿದು ಬದುಕಿದ್ದ ಜೀರುಂಡೆಯ ಮರಿಗಳು ಲಕ್ಷಗಟ್ಟಲೆ ಮೇಲೆದ್ದವು. ಇವೂ ಅಪ್ಸರೆಗಳೇ, ರೆಕ್ಕೆ ಬಂದ ಮೇಲೆ ಇವುಗಳ ಸದ್ದಿಗೆ ನಮಾಜಿನ ಆ್ಯಪ್ ಕೂಗಿದ್ದೂ ಕೇಳಿಸುವುದಿಲ್ಲ ಎಂದು ಫೋನಿನಲ್ಲಿ ನಕ್ಕಳು. ಆ ಜನವರಿಯಿಂದೀಚೆಗೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತ ಹದಿನಾಲ್ಕನೇ ಜಾಗದಲ್ಲಿ ಮೊದಲ ಚಳಿಗಾಲ ನನಗೆ ಸಿಕ್ಕಿದ್ದು ಸೊನ್ನೆ; ಎರಡನೆಯದರಲ್ಲಿ ಮೂರು.

ಹೋದ ಸೆಪ್ಟೆಂಬರಿನಲ್ಲಿ ಇಂಡಿಯನ್ ಅಂಗಡಿಯೊಂದರಲ್ಲಿ ಗುರುಶಾಂತಪ್ಪ ಎದುರಾದರು. ಕೈಗೆ ಕೋಲು ಬಂದಿತ್ತು. ಅವರೇ ಮಾತಾಡಿಸಿ, ಆಕೆ ಹೇಗಿದ್ದಾಳೆ ಎಂದರು, ಹೆಸರು ಹೇಳದೆ. ಲೊಂಬಾರ್ಡಿನಲ್ಲಿದ್ದಾಳೆ, ಕೆಲಸ ಚೆನ್ನಾಗಿದೆಯಂತೆ ಎಂದೆ. ಗೊತ್ತು ಅಂದರು. ಆ ಲ್ಯಾಬಿನವರು ಕೆಲಸ ಕೊಡುವ ಮುಂಚೆ ತಮಗೇ ಫೋನ್ ಮಾಡಿದ್ದರಂತೆ, ನಲವತ್ತು ನಿಮಿಷ ಕೇಳಿದರಂತೆ. ನೀವೇನು ಹೇಳಿದಿರಿ ಎಂದೆ.

"ಆದದ್ದೆಲ್ಲಾ ಹೇಳಿದೆ," ಅಂದರು. "ಆಕಿಗೆ ಹೇಳಬ್ಯಾಡ್ರಿ."

ನಾನು ಹೇಳಿದೆ. ಮನೆಗೆ ಬಂದು ಸಾಮಾನು ಇಳಿಸುವ ಮುಂಚೆಯೇ ಫೋನ್ ಮಾಡಿದೆ. ಕೋಲು ಯಾವ ಕೈಯಲ್ಲಿತ್ತು, ನೋವು ಮಂಡಿಯದೋ ಸೊಂಟದ್ದೋ ಎಂದು ಕೇಳಿದಳು ಕುಲ್ಸುಮ್. ನಾನು ಗಮನಿಸಿರಲಿಲ್ಲ. ಆ ಭಾನುವಾರ ಅವರಿಗೆ ಫೋನ್ ಮಾಡಿದಳು. ಅವರು ಎತ್ತಲಿಲ್ಲ. ಮುಂದಿನ ಭಾನುವಾರ ಮತ್ತೆ ಮಾಡಿದಳು.